ಹಿರಿಯರ ಲೇಖನಿಗೆ ಮರುಜೀವ

ಬೇಲೂರು–ಹಳೇಬೀಡುಗಳ ಹೊಯ್ಸಳ ಶಿಲ್ಪಗಳು ಅರಳಿದ್ದು ಬಳಪದ ಕಲ್ಲಿನಲ್ಲಿ. ಸ್ಲೇಟಿನ ಮೇಲಣ ಬಳಪದ ಬರಹ ಒದ್ದೆ ಬಟ್ಟೆಗೆ ಅಳಿಯುತ್ತದೆ. ಲೇಖನಿಯೊಳಗೆ ಒಣಗಿದ ಶಾಯಿ ಅಷ್ಟು ಸುಲಭವಾಗಿ ಬಿಡದು.

ಅವಸರದಿಂದ ಬಿಸಿನೀರಿಗೆ ಹಾಕಿದರೆ ಎಬೊನೈಟ್ ಬಣ್ಣಗೆಡುತ್ತದೆ. ಸ್ಪಿರಿಟ್ ತಾಗಿದರೆ ಸೆಲ್ಯುಲಾಯ್ಡ್ ಹಾಳಾಗುತ್ತದೆ. ಆ ಹಾನಿಗೆ ಮದ್ದಿಲ್ಲ. ನಿಬ್ಬಿನ ಭಾಗವನ್ನಷ್ಟೇ ತಣ್ಣೀರಿನಲ್ಲಿರಿಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಿರಬೇಕು.

ಕಬ್ಬಿಣದ ಅಂಶವುಳ್ಳ ಹಳೆಯ ನೀಲಿಗಪ್ಪು ಶಾಯಿ ಗಾಳಿ ತಾಗಿ, ನೀರಿಗೆ ಕರಗದ ಮಡ್ಡಿಯಾಗುತ್ತದೆ. ಅದನ್ನು ಬಿಡಿಸಲು ‘ಸಿ’ ಜೀವಸತ್ವದ ಪುಡಿ ಕರಗಿಸಿದ ನೀರು ನೆರವಾಗುತ್ತದೆ. ಹುಳಿ ಉಳಿದರೆ ಉಕ್ಕಿನ ನಿಬ್ಬಿಗೆ ತುಕ್ಕು ಹಿಡಿಯುವುದರಿಂದ ಬಳಿಕ ಚೆನ್ನಾಗಿ ತೊಳೆಯಬೇಕು.

ಅರಸೀಕೆರೆಯಂಥ ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರು ಆರಿದಾಗ ಉಪ್ಪಿನ ಪೊರೆ ಉಳಿಸುತ್ತದೆ. ಕೊನೆಯ ಸಲ ತೊಳೆಯಲು ಸೋಸಿದ ಮಳೆನೀರೇ ಲೇಸು. ತಾಳ್ಮೆಯಿದ್ದರೆ ತಾತನ ಲೇಖನಿ ಮೊಮ್ಮಗಳ ಕೈಯಲ್ಲೂ ಬರೆದೀತು.