ಗಾಳ ಹಾಕುವ ಮುನ್ನ

ರಜೆ ಬಂದಿತೆಂದರೆ ಮನೆಮಂದಿಯೆಲ್ಲ ಕೂಡಿ ಯಾವುದಾದರೊಂದು ಹೊಳೆಯ ದಂಡೆಗೆ ಹೋಗಿ ಬಿಡಾರ ಹೂಡಬೇಕೆಂಬ ಆಸೆ ಈಗ ನಮ್ಮ ಪಟ್ಟಣದ ಸಂಸಾರಗಳಲ್ಲಿಯೂ ಬೆಳೆಯುತ್ತಿದೆ. ಬುತ್ತಿಯ ಗಂಟು, ಜಮಖಾನ, ಡೇರೆ ಇವುಗಳ ಜೊತೆಗೆ ಹುಡುಗರು ಒಂದು ಗಾಳದ ಕೋಲನ್ನೂ ಸೇರಿಸದೆ ಬಿಡುವುದಿಲ್ಲ. ಬಲೆ ಬೀಸುವುದು ಮೀನುಗಾರನ ಬದುಕು. ಗಾಳ ಹಾಕುವುದು ನಮಗೆ ವಿನೋದ. ಆದರೆ ವಿನೋದಕ್ಕೂ ಒಂದು ಧರ್ಮವುಂಟು. ನೀರು ಕೊಟ್ಟುದರಲ್ಲಿ ಎಷ್ಟನ್ನು ಎತ್ತಿಕೊಳ್ಳಬೇಕು, ಎಷ್ಟನ್ನು ಮರಳಿ ಬಿಡಬೇಕು ಎಂಬುದೇ ಆ ಧರ್ಮ.

ಈ ವಿನೋದ ಆಂಗ್ಲರಿಂದ ಬಂದುದೆಂದು ಹಲವರು ತಿಳಿದಿರುವರು. ಹಾಗಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಸುಮಾರು 35 ಬಗೆಯ ಮೀನುಗಳನ್ನೂ, ಅವುಗಳಿಗೆ ಒಗ್ಗುವ ಆಹಾರವನ್ನೂ ಅಲ್ಲಿ ವಿವರಿಸಿದೆ. ಕನ್ನಡ ನಾಡನ್ನಾಳಿದ ಅರಸನೊಬ್ಬನು ಒಂಬತ್ತು ಶತಮಾನಗಳ ಹಿಂದೆಯೇ ಗಾಳವನ್ನು ವಿದ್ಯೆಗಳ ಸಾಲಿನಲ್ಲಿ ಕೂರಿಸಿದನೆಂಬುದು ಹೆಮ್ಮೆಯ ಮಾತಲ್ಲವೆ?

ದಾವಣಗೆರೆಯವರಿಗೆ ಇಂತಹ ವಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಭದ್ರಾ ನಾಲೆಯ ನೀರಿನಿಂದ ಹಸಿರಾದ ಗದ್ದೆಗಳ ನಡುವೆ ತ್ಯಾವಣಿಗೆ ಇದೆ. ಅಲ್ಲಿಂದ ಚನ್ನಗಿರಿಯ ಕಡೆಗೆ ಸಾಗಿದರೆ ಸೂಳೆಕೆರೆ, ಎಂದರೆ ಶಾಂತಿಸಾಗರ, ಕಣ್ಣಿಗೆ ಬೀಳುತ್ತದೆ. ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಪ್ರತೀತಿಯುಳ್ಳ ಈ ಕೆರೆಯ ಏರಿ ಎರಡು ಗುಡ್ಡಗಳ ನಡುವಿನ ಕಂಡಿಯನ್ನು ಮುಚ್ಚಿ ನಿಂತಿದೆ. ಇಲ್ಲಿಂದ ಹೊರಟ ಹರಿದ್ರಾ ಹೊಳೆ ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಪಶ್ಚಿಮಕ್ಕೆ ಹೋದರೆ ಹೊನ್ನಾಳಿಯಲ್ಲಿ ತುಂಗಭದ್ರೆಯೇ ಎದುರಾಗುತ್ತಾಳೆ. ಕೆರೆ, ಹಳ್ಳ, ಹೊಳೆ ಮೂರೂ ಒಂದು ದಿನದ ಪ್ರಯಾಣದೊಳಗೆ ದೊರೆಯುವ ಸೀಮೆ ಇದು.

ಸಾಮಗ್ರಿಗೆ ಹೆಚ್ಚು ವೆಚ್ಚವಿಲ್ಲ. ಬಳುಕುವ ಬಿದಿರು ಕೋಲು, ನೈಲಾನ್ ದಾರ, ಸಣ್ಣ ಕೊಕ್ಕೆ, ಒಂದು ಸೀಸದ ಗುಂಡು ಇವಿಷ್ಟಿದ್ದರೆ ಸಾಕು. ನೀರಿನ ಮೇಲೆ ತೇಲಲು ಜೋಳದ ದಂಟಿನ ಬೆಂಡಿಗಿಂತ ಹಗುರವಾದುದು ಬೇಕೆ? ಎರೆಹುಳುವನ್ನು ಮುಟ್ಟಲು ಮನಸ್ಸೊಪ್ಪದ ಮಕ್ಕಳಿಗೆ ಬೇಯಿಸಿದ ರಾಗಿಹಿಟ್ಟಿನ ಉಂಡೆಯುಂಟು. ಕಾವೇರಿಯ ದಂಡೆಯಲ್ಲಿ ದೊಡ್ಡ ಮೀನುಗಳಿಗೂ ಅದನ್ನೇ ಇಡುತ್ತಿದ್ದರು. ಬಳಿಕ ಉಳಿಯುವುದು ಕಾಯುವ ಕೆಲಸ. ಬೆಂಡು ಒಮ್ಮೆ ನಡುಗಿದೊಡನೆ ಕೋಲನ್ನೆತ್ತುವವನಿಗೆ ಬರಿಯ ಕೊಕ್ಕೆ ದೊರೆಯುತ್ತದೆ. ಅದು ಮುಳುಗುವವರೆಗೆ ಉಸಿರು ಹಿಡಿದು ಕುಳಿತವನಿಗೆ ಮೀನು ದೊರೆಯುತ್ತದೆ. ಗಳಿಗೆಗೊಮ್ಮೆ ಹೊಸ ಆಟ ಬೇಡುವ ಮಕ್ಕಳಿಗೆ ಈ ಪಾಠವನ್ನು ಹೊಳೆಗಿಂತ ಚೆನ್ನಾಗಿ ಕಲಿಸುವ ಗುರು ಇನ್ನಾರಿದ್ದಾರೆ?

ಕಾಲವನ್ನೂ ನೋಡಬೇಕು. ಮುಂಗಾರಿನ ಕೆನ್ನೀರು ಬಂದಾಗ ಗೆಂಡೆಯ ಜಾತಿಯ ಮೀನುಗಳು ಹರಿವಿಗೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ. ಆಗ ಹಿಡಿದ ಒಂದು ತಾಯಿಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳಿರಬಹುದು. ಆದುದರಿಂದ ಮಳೆಗಾಲದಲ್ಲಿ ಗಾಳವನ್ನು ಸೂರಿಗೆ ಸಿಕ್ಕಿಸಿಡುವುದೇ ಲೇಸು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಿಳಿನೀರಿನ ದಿನಗಳು ಬಿಡಾರಕ್ಕೂ ಹಿತ. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಅವರು ಹಣ ತೆತ್ತು ಮರಿ ಬಿಟ್ಟು ಬೆಳೆಸಿದ ಮೀನನ್ನು ಕೇಳದೆ ಹಿಡಿಯುವುದು ಪರರ ಹೊಲದ ತೆನೆ ಮುರಿದಂತೆ. ಹೊಳೆಯ ವಿಷಯವನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಪರವಾನಗಿ ಪಡೆಯಬೇಕು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾನೂನೇ ಅಪರಾಧವೆಂದು ಸಾರಿತ್ತು. ಆದರೂ 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಬೆರೆಸಿ, ಭಕ್ತರು ಅಕ್ಕಿ ಎರಚಿ ಸಾಕಿದ ದೇವರ ಮೀನುಗಳನ್ನು ರಾಶಿ ರಾಶಿಯಾಗಿ ಕೊಂದರು.

ತಾಯಂದಿರು ಕೇಳುವ ಮೊದಲ ಪ್ರಶ್ನೆ ಮಕ್ಕಳ ಕ್ಷೇಮದ್ದು, ಅದು ನ್ಯಾಯವೇ. ನಾಲೆಯ ಇಳಿಜಾರು ಗೋಡೆಯಲ್ಲಿ ಪಾಚಿ ಕಟ್ಟಿರುತ್ತದೆ, ಒಮ್ಮೆ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಕ್ಕದು. ನಾಲೆಯ ದಂಡೆ ಗಾಳದ ಜಾಗವಲ್ಲ. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳದ ಗುಂಡಿ ಇರಬಹುದು. ಗಾಜನೂರಿನಲ್ಲಿ ತುಂಗೆಗೂ ಲಕ್ಕವಳ್ಳಿಯಲ್ಲಿ ಭದ್ರೆಗೂ ಅಣೆಕಟ್ಟುಗಳಿವೆ. ಅಲ್ಲಿ ನೀರು ಬಿಟ್ಟರೆ ಕೂಡಲಿಯ ಸಂಗಮದ ಕೆಳಗಿನ ಹೊನ್ನಾಳಿಯಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಆದುದರಿಂದ ಡೇರೆಯನ್ನು ಎತ್ತರದ ದಂಡೆಯಲ್ಲಿಯೇ ಹಾಕಿ, ಊರಿನವರನ್ನು ಕೇಳಿಯೇ ನೀರಿಗಿಳಿಯಿರಿ. ಚೇಳುಮೀನು ಸಿಕ್ಕಿದರೆ ಬರಿಗೈಯಲ್ಲಿ ಹಿಡಿಯಬಾರದು. ಅದರ ಮುಳ್ಳು ಚುಚ್ಚಿದರೆ ಕೈಯನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿಟ್ಟು, ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಹಿಡಿದ ಮೀನಿನ ಗತಿ. ಮೀನು ತಿನ್ನದ ಮನೆಯವರಿಗಂತೂ ಬಿಡುವುದೊಂದೇ ದಾರಿ. ತಿನ್ನುವವರೂ ಒಂದು ಹೊತ್ತಿನ ಸಾರಿಗೆ ಆಗುವಷ್ಟನ್ನು ಇಟ್ಟುಕೊಂಡರೆ ಸಾಕು. ಜಿಲೇಬಿ ಮೀನನ್ನು ಸಂಕೋಚವಿಲ್ಲದೆ ಬುಟ್ಟಿಗೆ ಹಾಕಬಹುದು. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕದ ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಮರಿ ಮಾಡಿ, ನಮ್ಮ ಕೆರೆಗಳನ್ನೆಲ್ಲ ತುಂಬಿಬಿಟ್ಟಿದೆ. ನಾಡಿನ ಮೀನುಗಳಲ್ಲಿ ತೀರ ಚಿಕ್ಕದನ್ನೂ, ಹೊಟ್ಟೆ ತುಂಬಿದ ದೊಡ್ಡ ಹೆಣ್ಣನ್ನೂ ಮರಳಿ ಬಿಡಬೇಕು. ಬಿಡುವವರು ಕೊಕ್ಕೆಯ ಹಿಮ್ಮುಖದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟಮಾಡಿಕೊಳ್ಳಲಿ. ಒದ್ದೆಗೈಯಲ್ಲಿ ಹಿಡಿದು, ನೀರಿನಲ್ಲಿಯೇ ಕೊಕ್ಕೆ ಬಿಡಿಸಲಿ. ಒಣಗೈ ತಗಲಿದರೆ ಮೀನಿನ ಮೈಯ ಲೋಳೆ ಕಿತ್ತು ರೋಗ ಹತ್ತುತ್ತದೆ. ತುಂಡಾದ ನೈಲಾನ್ ದಾರವನ್ನು ಆರಿಸಿ ತನ್ನಿ. ನೀರುಹಕ್ಕಿಯ ಕಾಲಿಗೆ ಅದು ಉರುಳಾಗುತ್ತದೆ.

‘ನಮ್ಮ ಒಂದು ಗಾಳದಿಂದ ಹೊಳೆ ಬರಿದಾದೀತೆ?’ ಎಂದು ಕೇಳುವವರು ಕಾವೇರಿಯ ಬಿಳಿಮೀನಿನ ಕಥೆಯನ್ನು ಕೇಳಲಿ. ಕಾವೇರಿಯನ್ನು ಸೇರುವ ಕಬಿನಿಯಲ್ಲಿ 1946ರಲ್ಲಿ ವಾನ್ ಇಂಗೆನ್ ಎಂಬುವರು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮೀನನ್ನು ಗಾಳದಲ್ಲಿ ಹಿಡಿದಿದ್ದರು. ಅಂಥ ಡುಬ್ಬದ ಬೆನ್ನಿನ ಆ ಮೀನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನು ಸೇರಿತು. ಅದನ್ನು ಗುರುತಿಸಲು ನೆರವಾದುದು ಯಾವುದು ಬಲ್ಲಿರಾ? ಗಾಲಿಬೋರೆಯ ಬಿಡಾರದಲ್ಲಿ ಹಿಡಿದು ಬಿಡುತ್ತಿದ್ದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕ. ಹೊರಗಿನಿಂದ ತಂದು ಬಿಟ್ಟ ಬೇರೊಂದು ತಳಿ ಹೆಚ್ಚುತ್ತ, ಕಾವೇರಿಯ ಸ್ವಂತ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತ ಬಂದುದನ್ನು ವಿಜ್ಞಾನಿಗಳು ಆ ಪುಸ್ತಕದಿಂದಲೇ ಓದಿಕೊಂಡರು.

ಅದೇ ಕೆಲಸವನ್ನು ನಮ್ಮ ಮಕ್ಕಳೂ ಮಾಡಬಹುದು. ಎರಡು ರೂಲು ಎಳೆದ ಒಂದು ನೋಟುಪುಸ್ತಕ ಸಾಕು: ಯಾವ ದಿನ, ಯಾವ ದಂಡೆ, ಯಾವ ಮೀನು, ಎಷ್ಟು ಗೇಣುದ್ದ, ಇಟ್ಟುಕೊಂಡೆವೋ ಬಿಟ್ಟೆವೋ. ಏನೂ ಸಿಕ್ಕದ ದಿನವನ್ನೂ ಬರೆಯಲಿ, ಅದೂ ಲೆಕ್ಕವೇ. ಹತ್ತು ವರ್ಷ ಹೀಗೆ ಬರೆದ ಮನೆಯಲ್ಲಿ ಹರಿದ್ರೆಯ ಯಾವ ಮೀನು ಉಳಿಯಿತು, ಯಾವುದು ಕಾಣದಾಯಿತು ಎಂದು ಹೇಳಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಹೊಳೆಯ ಪರವಾಗಿ ಸಾಕ್ಷಿ ನುಡಿಯಲು ಅಂಥವರು ಬೇಕು.