ಸಡಿಲ ಬಿಡಬೇಡಿ, ಬಿಗಿ ಹಿಡಿಯಿರಿ!

ನಾಗರಹಾವು ಎದುರಿಗೆ ಹೆಡೆ ಎತ್ತಿದರೆ ಮನುಷ್ಯ ಓಡುತ್ತಾನೆ. ಆನೆ ಅಟ್ಟಿಸಿಕೊಂಡು ಬಂದರೆ ಮರ ಹತ್ತುತ್ತಾನೆ, ಹತ್ತಲು ಬಾರದವನೂ ಹತ್ತುತ್ತಾನೆ. ಎದೆ ಢವಢವ ಹೊಡೆದುಕೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ, ಕಾಲಿಗೆ ಎಲ್ಲಿಲ್ಲದ ಬಲ ಬರುತ್ತದೆ. ಆದರೆ ಬೆರಳುದ್ದದ, ಜೀವವಿಲ್ಲದ, ತಾನಾಗಿ ಒಂದು ಕೂದಲೆಳೆಯಷ್ಟೂ ಸರಿಯಲಾರದ ಸೂಜಿಯನ್ನು ಕಂಡರೆ ಕೆಲವರು ಓಡುವುದೂ ಇಲ್ಲ, ಕೂಗುವುದೂ ಇಲ್ಲ, ದೊಪ್ಪನೆ ಬಿದ್ದೇಬಿಡುತ್ತಾರೆ. ಯಾಕೆ? ಉಳಿದ ಭಯಗಳೆಲ್ಲ ಒಂದು ದಾರಿ ಹಿಡಿದರೆ ಇದೊಂದು ಯಾಕೆ ಎದುರು ದಾರಿ ಹಿಡಿಯುತ್ತದೆ?

ಈ ಪ್ರಶ್ನೆಗೆ ಉತ್ತರ ಸಿಕ್ಕ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾಗೆ ಬೀಳುವವರ ಪಂಗಡಕ್ಕೆ ನಾನೂ ಸೇರಿದವಳು. ಲ್ಯಾಬಿನಲ್ಲಿ ರಕ್ತ ತೆಗೆಸುವ ಕುರ್ಚಿಯಿಂದ ಜಾರಿದ್ದೇನೆ, ನಾದಿನಿಯ ಮಗುವಿಗೆ ಲಸಿಕೆ ಹಾಕಿಸಲು ಜೊತೆಗೆ ಹೋಗಿ ಮಗು ಸುಮ್ಮನಿರುವಾಗ ನಾನು ಬಿದ್ದಿದ್ದೇನೆ. ಹೀಗಿದ್ದವಳಿಗೆ ಮೂಗುಬೊಟ್ಟಿನ ಮೇಲೆ ಆಸೆ! ಅತ್ತೆಯ ಏಳು ಕಲ್ಲಿನ ಮೂಗುಬೊಟ್ಟನ್ನು ಎಷ್ಟು ವರ್ಷ ನೋಡುತ್ತಾ ಕೂತಿರಲಿ? ಚುಚ್ಚಿಸಿಕೊಳ್ಳಲೇಬೇಕು ಅನ್ನಿಸಿದಾಗ ಎಲ್ಲರೂ ಹೇಳಿದ್ದು ಒಂದೇ: ಉಸಿರು ಎಳೆದುಕೋ, ಮೈ ಸಡಿಲ ಬಿಡು, ಏನೂ ಆಗಲ್ಲ.

ಅದು ತಲೆಕೆಳಗಾದ ಬುದ್ಧಿಮಾತು ಅಂತ ಯಾರಿಗೆ ಗೊತ್ತಿತ್ತು!

ಸೂಜಿ, ರಕ್ತ, ಗಾಯ ಈ ಮೂರರ ಭಯವನ್ನು ವೈದ್ಯಲೋಕ ಒಂದೇ ಗುಂಪಿಗೆ ಹಾಕಿದೆ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ಕೈಪಿಡಿಯಲ್ಲಿ ಇದಕ್ಕೆ ಹಾವು-ಹಲ್ಲಿಯ ಭಯದಿಂದ ಬೇರೆಯಾದ ತನ್ನದೇ ಜಾಗವಿದೆ. ಇಲ್ಲಿ ದೇಹ ಎರಡು ಹಂತದಲ್ಲಿ ಆಡುತ್ತದೆ. ಮೊದಲು ಉಳಿದ ಭಯಗಳ ಹಾಗೆಯೇ ನಾಡಿ ಏರುತ್ತದೆ, ಒತ್ತಡ ಏರುತ್ತದೆ. ಆಮೇಲೆ ಏಕಾಏಕಿ ಎರಡೂ ಕುಸಿಯುತ್ತವೆ. ಮೆದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಯವರೆಗೂ ಇಳಿಯುವ ವೇಗಸ್ ಎಂಬ ನರ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ, ಕಾಲಿನ ರಕ್ತನಾಳಗಳು ಹಿಗ್ಗುತ್ತವೆ, ರಕ್ತವೆಲ್ಲ ಕೆಳಗಿಳಿದು ಅಲ್ಲೇ ತಂಗುತ್ತದೆ, ಮೆದುಳಿಗೆ ಸಾಲದಾಗುತ್ತದೆ. ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ಗುಂಯ್, ತಣ್ಣನೆ ಬೆವರು, ಆಮೇಲೆ ನೆಲ. ನೆಲಕ್ಕೆ ಬಿದ್ದ ಕೂಡಲೇ ತಲೆ, ಎದೆ, ಕಾಲು ಎಲ್ಲ ಒಂದೇ ಮಟ್ಟಕ್ಕೆ ಬಂದು ರಕ್ತ ಮತ್ತೆ ಮೆದುಳಿಗೆ ಹರಿದು ಎಚ್ಚರವಾಗುತ್ತದೆ. ಬೀಳುವುದೇ ಅದಕ್ಕೆ ಔಷಧಿ!

ಯಾಕೆ ಹೀಗೆ ಎಂಬುದಕ್ಕೆ ಒಂದು ಊಹೆಯಿದೆ. ಗಾಯವಾದಾಗ ರಕ್ತದ ಒತ್ತಡ ಇಳಿದರೆ ಹರಿದುಹೋಗುವ ರಕ್ತವೂ ಕಡಿಮೆ, ಆದ್ದರಿಂದ ಎಂದೋ ಕಾಡಿನಲ್ಲಿ ಇದು ಜೀವ ಉಳಿಸಿರಬಹುದು ಎನ್ನುತ್ತಾರೆ. ಊಹೆ ಊಹೆಯಾಗಿಯೇ ಇರಲಿ. ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಸಂಗತಿ: ಈ ಗುಣ ಮನೆತನದಲ್ಲಿ ಹರಿದುಬರುತ್ತದೆ. ಉಳಿದ ಭಯಗಳಿಗಿಂತ ಇದಕ್ಕೆ ವಂಶದ ನಂಟು ಗಟ್ಟಿ. ನಮ್ಮಪ್ಪ ಹರೆಯದಲ್ಲಿ ಮಿಲಿಟರಿ ಸೇರಲು ಹೊರಟು ಡಾಕ್ಟರು ಸೂಜಿ ಎತ್ತಿದ ಕೂಡಲೇ ಸಾಲಿನಲ್ಲೇ ಉರುಳಿದ್ದರಂತೆ. ಅದನ್ನು ಅಮ್ಮ ಇಷ್ಟು ವರ್ಷ ತಮಾಷೆಯಾಗಿ ಹೇಳುತ್ತಿದ್ದಳು!

ಈಗ ಅಸಲು ಸಂಗತಿಗೆ ಬರುತ್ತೇನೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ಯೋಚಿಸಿದ್ದು ಸರಳ: ಒತ್ತಡ ಕುಸಿಯುವುದರಿಂದಲೇ ತಾನೆ ಬೀಳುವುದು, ಹಾಗಾದರೆ ಒತ್ತಡ ಏರಿಸಿದರಾಯಿತು. ಕುಳಿತುಕೊಳ್ಳಿ. ತೋಳು, ಹೊಟ್ಟೆ, ತೊಡೆ, ಮೀನಖಂಡ ಎಲ್ಲವನ್ನೂ ಬಿಗಿ ಹಿಡಿಯಿರಿ. 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ. ಬಿಡಿ, ಆದರೆ ಪೂರ್ತಿ ಜೋತುಬೀಳುವಷ್ಟಲ್ಲ, ಸಹಜವಾಗಿ ಕೂರುವಷ್ಟು ಮಾತ್ರ. 20-30 ಸೆಕೆಂಡು ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ದೊಡ್ಡ ಸ್ನಾಯುಗಳು ಬಿಗಿಯಾದರೆ ಕಾಲಿನಲ್ಲಿ ತಂಗಬೇಕಾದ ರಕ್ತ ಮೇಲಕ್ಕೆ ಒತ್ತಿಕೊಂಡು ಬರುತ್ತದೆ, ಮೆದುಳು ಹಸಿವಿನಿಂದ ಪಾರಾಗುತ್ತದೆ. ಮಾತ್ರೆ ಬೇಡ, ಮಂತ್ರ ಬೇಡ, ದುಡ್ಡು ಬೇಡ! ಸಡಿಲ ಬಿಡು ಎಂದವರೆಲ್ಲ, ಪಾಪ, ಒಳ್ಳೆಯ ಮನಸ್ಸಿನಿಂದಲೇ ನಮ್ಮನ್ನು ನೆಲದ ಕಡೆಗೆ ತಳ್ಳುತ್ತಿದ್ದರು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗುವುದನ್ನು ಕಾಯುತ್ತಾ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಟಿವಿ ನೋಡುತ್ತಾ ಬಿಗಿ ಹಿಡಿಯುವುದೇ ನನ್ನ ಕೆಲಸವಾಯಿತು. ಅತ್ತೆ ಗಾಬರಿಯಾಗಿ, "ಏನಮ್ಮ, ಹೊಟ್ಟೆನೋವಾ?" ಅಂದರು.

ಕಲಿತದ್ದಾಯಿತು, ಇನ್ನು ಚುಚ್ಚುವವರು ಯಾರು? ಮೊದಲು ಅತ್ತೆ ಕರೆದೊಯ್ದದ್ದು ಮೈಸೂರಿನಲ್ಲಿ ಅವರ ತವರಿನವರಿಗೆಲ್ಲ ಕಿವಿ ಚುಚ್ಚಿದ ಹಳೆಯ ಅಕ್ಕಸಾಲಿಗರ ಹತ್ತಿರ. ಅಲ್ಲಿ ನಾನು ಕಣ್ಣರಳಿಸಿ ನೋಡಿದ್ದೇನೆಂದರೆ, ಅವರ ಬಳಿ ಸೂಜಿಯೇ ಇಲ್ಲ! ಚಿನ್ನದ ತಂತಿಯ ಒಂದು ತುದಿಯನ್ನು ಅರದಿಂದ ಉಜ್ಜಿ ಮೊನೆ ಮಾಡುತ್ತಾರೆ, ಆ ಮೊನೆಯಿಂದಲೇ ಚುಚ್ಚಿ, ಒಳಗೆ ಬಂದ ತುದಿಯನ್ನು ಇಕ್ಕಳದಿಂದ ಬಗ್ಗಿಸಿಬಿಡುತ್ತಾರೆ. ಒಡವೆಯೇ ಸೂಜಿ, ಸೂಜಿಯೇ ಒಡವೆ. "ನೋಡು ತಾಯಿ, ಹೆದರೋಕೆ ಇಲ್ಲಿ ಸೂಜಿ ಎಲ್ಲಿದೆ?" ಅಂದರು ಆಚಾರ್ರು, ನಗುತ್ತಾ. ಎಂಥ ಜಾಣತನ! ಆದರೂ ಆ ತಂತಿಯನ್ನು ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಏರ್ಪಾಡು ಅಲ್ಲಿರಲಿಲ್ಲ. ನನ್ನ ಲೆಕ್ಕದಲ್ಲಿ ಅದರ ಮುಂದೆ ಸಂಪ್ರದಾಯವೂ ಒಂದು ಮೆಟ್ಟಿಲು ಕೆಳಗೆ. ಒಡವೆ ಇವರ ಹತ್ತಿರವೇ, ಚುಚ್ಚುವುದು ಬೇರೆ ಕಡೆ ಎಂದು ಅತ್ತೆಯನ್ನು ಒಪ್ಪಿಸಿದೆ.

ಬ್ಯೂಟಿ ಪಾರ್ಲರಿನ ಗನ್ನನ್ನು ಕೈಬಿಟ್ಟದ್ದಕ್ಕೂ ಕಾರಣವಿದೆ. ಗನ್ ಕೊಯ್ಯುವುದಿಲ್ಲ, ಮೊಂಡು ತುದಿಯ ಸ್ಟಡ್ಡನ್ನು ಸ್ಪ್ರಿಂಗಿನ ಬಲದಿಂದ ಸ್ಟೇಪ್ಲರ್ ಹೊಡೆದ ಹಾಗೆ ತಳ್ಳುತ್ತದೆ. ಮೃದ್ವಸ್ಥಿಗೆ ಆ ಪೆಟ್ಟು ಒಳ್ಳೆಯದಲ್ಲ. ಪ್ಲಾಸ್ಟಿಕ್ಕಿನ ಗನ್ನಾದರೆ 121 ಡಿಗ್ರಿ ಸೆಲ್ಸಿಯಸ್ಸಿನ ಹಬೆ ಒತ್ತುವ ಆಟೋಕ್ಲೇವಿನೊಳಗೆ ಇಡಲೂ ಆಗದು. ಅದಕ್ಕೆ ಬದಲು ಟೊಳ್ಳು ಸೂಜಿ. ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ 1844ರಲ್ಲಿ ಔಷಧಿಯನ್ನು ಚರ್ಮದಡಿ ಇಳಿಸಲು ಬಳಸಿದ ಟೊಳ್ಳು ಸೂಜಿಯ ಮೊಮ್ಮಕ್ಕಳು ಇವತ್ತು ಮೂಗು ಚುಚ್ಚುತ್ತಿವೆ! ಓರೆಯಾಗಿ ಅರೆದ ಅದರ ಬಾಯಿಯ ಅಂಚು ಹರಿತ, ಚರ್ಮವನ್ನು ಜಜ್ಜದೆ ಕೊಯ್ದು ದಾರಿ ಮಾಡಿಕೊಳ್ಳುತ್ತದೆ. ಇದರ ಅಳತೆಯೂ ವಿಚಿತ್ರ: ಗೇಜಿನ ಅಂಕಿ ಏರಿದಷ್ಟೂ ಸೂಜಿ ಸಣ್ಣ. ಮೂಗುಬೊಟ್ಟಿನ ಕಡ್ಡಿ 18 ಗೇಜಾದರೆ ಸುಮಾರು 1 ಮಿಲಿಮೀಟರ್, 20 ಗೇಜಾದರೆ 0.8. ಲಸಿಕೆಯ ಸೂಜಿಗಿಂತ ಇದು ದಪ್ಪ ಎಂದು ತಿಳಿದ ಕ್ಷಣ ನಾನು ಮತ್ತೆ ತೊಡೆ ಬಿಗಿ ಹಿಡಿದೆ.

ಹೆದರಿಕೆಯನ್ನು ಓದಿನಿಂದ ಮುಚ್ಚುವುದು ನನ್ನ ಹಳೆಯ ಚಾಳಿ. ಸುಶ್ರುತ ಸಂಹಿತೆ ತೆರೆದೆ. ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕಿವಿ ಚುಚ್ಚುವ ವಿಧಿ ಇದೆ. ಮಗುವನ್ನು ದಾದಿಯ ತೊಡೆಯ ಮೇಲೆ ಕೂರಿಸಿ, ಆಟಿಕೆ ತೋರಿಸಿ ರಮಿಸಿ, ಕಿವಿಯನ್ನು ಬಿಸಿಲಿಗೆ ಹಿಡಿದು, ಬೆಳಕು ತೂರಿಬರುವ ತೆಳು ಜಾಗ ಹುಡುಕಿ ಅಲ್ಲಿ ಚುಚ್ಚಬೇಕಂತೆ. ರಕ್ತ ಜಾಸ್ತಿ ಬಂತೋ, ನೋವು ಜಾಸ್ತಿಯಾಯಿತೋ, ಜಾಗ ತಪ್ಪಿದೆ ಎಂದು ತಿಳಿಯಬೇಕಂತೆ. ಮಗುವಿನ ಗಮನ ಬೇರೆಡೆ ಸೆಳೆಯುವುದೂ ಅಲ್ಲಿ ಚಿಕಿತ್ಸೆಯ ಭಾಗ, ನೋಡಿ! ಅದೇ ಅಧ್ಯಾಯದ ಕೊನೆಗೆ ಬಂದರೆ, ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮ ತಂದು ಮತ್ತೆ ಕಟ್ಟುವ ವಿಧಾನ!

ಅಲ್ಲಿಂದ ದಾರಿ ಎಲ್ಲಿಗೆ ಹೋಯಿತು ಗೊತ್ತೇ? ನೇರ ನಮ್ಮ ಶ್ರೀರಂಗಪಟ್ಟಣದ ಯುದ್ಧಕ್ಕೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಾಳೆಯದ ಎತ್ತಿನ ಬಂಡಿಯವನು ಕಾವಸ್ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಕಡೆಯ ಕುಂಬಾರ ಜಾತಿಯವನೊಬ್ಬ ಹಣೆಯ ಚರ್ಮ ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಅದನ್ನು ಅನುಸರಿಸಿ 1814ರಲ್ಲಿ ಜೋಸೆಫ್ ಕಾರ್ಪ್ಯೂ ಲಂಡನ್ನಿನಲ್ಲೇ ಅಂಥ ಶಸ್ತ್ರಕ್ರಿಯೆ ಮಾಡಿದ. ಅರಿವಳಿಕೆ ಇನ್ನೂ ಬಂದಿರದ ಕಾಲ! ನಾನೋ, ಒಂದು ಮಿಲಿಮೀಟರಿಗೆ ಹೆದರಿ ಕೂತವಳು.

ಆದರೆ ಸುಶ್ರುತ ಹೇಳುವುದು ಕಿವಿ ಚುಚ್ಚುವುದನ್ನು, ಮೂಗು ಚುಚ್ಚುವುದನ್ನಲ್ಲ. ಹಾಗಾದರೆ ಮೂಗಿಗೆ ಒಡವೆ ಬಂದದ್ದು ಯಾವಾಗ? 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಕಿವಿಗೆ, ಕೊರಳಿಗೆ, ತೋಳಿಗೆ, ನಡುವಿಗೆ, ಕಾಲಿಗೆ ಒಡವೆಯೋ ಒಡವೆ. ನಾನು ಕತ್ತೆತ್ತಿ ನೋಡಿದಷ್ಟೂ ಮೂಗುಗಳು ಮಾತ್ರ ಬೋಳು. ಇತಿಹಾಸಕಾರ ಎ. ಎಸ್. ಅಳ್ತೇಕರ್ 1938ರಲ್ಲಿ ಹಿಂದೂ ನಾಗರಿಕತೆಯಲ್ಲಿ ಸ್ತ್ರೀಯರ ಸ್ಥಾನದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಎತ್ತಿ ತೋರಿಸುತ್ತಾರೆ: ಹಳೆಯ ಶಿಲ್ಪಗಳಲ್ಲಿ ಮೂಗಿನ ಒಡವೆ ಇಲ್ಲ, ಅದು ತಡವಾಗಿ ಬಂದದ್ದು. ಇದನ್ನು ಅತ್ತೆಗೆ ಹೇಳಿದರೆ ನಂಬಲಿಲ್ಲ. "ಹಾಗಾದ್ರೆ ಪುರಂದರದಾಸರ ಹೆಂಡತಿ ಕೊಟ್ಟಿದ್ದೇನು?" ಎಂದು ತಿರುಗಿ ಕೇಳಿದರು. ಸರಿಯೇ! ಮುಂದೆ ಪುರಂದರದಾಸರಾದ ಜಿಪುಣ ಶ್ರೀನಿವಾಸ ನಾಯಕನ ಮನೆಯಿಂದ ಹೆಂಡತಿ ದಾನ ಕೊಟ್ಟ ಮೂಗುತಿ, ಅಂಗಡಿಯ ಪೆಟ್ಟಿಗೆಯಿಂದ ಮಾಯವಾಗಿ ವಿಷದ ಬಟ್ಟಲಿಗೆ ಬಿದ್ದ ಮೂಗುತಿ. ಕನ್ನಡದ ಮನೆಮನೆಯಲ್ಲಿ ಹೇಳಿಕೊಂಡು ಬಂದ ಆ ಐತಿಹ್ಯದಲ್ಲಿ ಒಬ್ಬ ಮನುಷ್ಯನ ಬದುಕೇ ಒಂದು ಮೂಗುತಿಯ ಮೇಲೆ ತಿರುಗುತ್ತದೆ. ಬೇಲೂರಿನ ಬೋಳು ಮೂಗಿಗೂ ವಿಜಯನಗರ ಕಾಲದ ಈ ಕಥೆಗೂ ನಡುವೆ ಕೆಲವೇ ಶತಮಾನ. ಅಷ್ಟರಲ್ಲಿ ಹೊಸ ಒಡವೆಯೊಂದು ಮುತ್ತೈದೆತನದ ಗುರುತಾಗಿಯೇ ಕೂತುಬಿಟ್ಟಿತೇ!

ಕೊನೆಗೂ ಬೆಂಗಳೂರಿನ ಒಂದು ಸ್ಟುಡಿಯೋದ ಕುರ್ಚಿ. ಚುಚ್ಚುವ ಹುಡುಗಿ ನನ್ನ ಮುಂದೆಯೇ ಪೊಟ್ಟಣ ಹರಿದಳು, ಕೈಗವಸು ಬದಲಿಸಿದಳು, ಮೂಗಿನ ಮೇಲೆ ಶಾಯಿಯ ಚುಕ್ಕೆಯಿಟ್ಟು ಕನ್ನಡಿ ಹಿಡಿದಳು. "ನಾನು ಬೀಳೋ ಪೈಕಿ" ಅಂದೆ. "ಹಾಗಿದ್ರೆ ಕುರ್ಚಿ ಸ್ವಲ್ಪ ಹಿಂದಕ್ಕೆ ಬಾಗಿಸ್ತೀನಿ ಅಕ್ಕ, ಹೇಳಿದ್ದು ಒಳ್ಳೇದಾಯ್ತು" ಅಂದಳು. ನಾನು ತೊಡೆ, ಹೊಟ್ಟೆ, ತೋಳು ಬಿಗಿ ಹಿಡಿದೆ, ಮುಖ ಮಾತ್ರ ಸಡಿಲ. ಮುಖ ಬೆಚ್ಚಗಾಯಿತು. ಕಿವಿಯಲ್ಲಿ ಗುಂಯ್ ಎನ್ನಲಿಲ್ಲ. ಮತ್ತೆ ಬಿಗಿ. ಕತ್ತಲೆ ಬರಲಿಲ್ಲ! ಚುರ್ ಎಂದಿತು, ಅಷ್ಟೇ.

ಮತ್ತು ಎಡಗಣ್ಣಿನಿಂದ ಮಾತ್ರ ಬಳಬಳ ನೀರು.

ಅಳುತ್ತಿಲ್ಲ ನಾನು! ಇದಂತೂ ಅಂದಿನ ಪರಮ ಸೋಜಿಗ. ಚುಚ್ಚಿದ್ದು ಎಡ ಹೊಳ್ಳೆ, ನೀರು ಸುರಿದದ್ದು ಎಡಗಣ್ಣು, ಬಲಗಣ್ಣಿಗೆ ಸುದ್ದಿಯೇ ಇಲ್ಲ. ಮೂಗಿನ ನೋವನ್ನು ಹೊತ್ತೊಯ್ಯುವುದು ಟ್ರೈಜೆಮಿನಲ್ ನರ. ಅದು ಬೆನ್ನುಹುರಿಯ ಸುತ್ತು ಹೊಡೆಯದೆ ಸೀದಾ ಮೆದುಳಿನ ಕಾಂಡಕ್ಕೆ ಹೋಗುತ್ತದೆ. ಮೂಗಿಗೆ ಏನೋ ಆಯಿತು ಎಂದು ತಿಳಿದ ಕೂಡಲೇ ಅಲ್ಲಿಂದ ಇನ್ನೊಂದು ನರದ ಮೂಲಕ ಕಣ್ಣೀರಿನ ಗ್ರಂಥಿಗೆ ಅಪ್ಪಣೆ ಹೊರಡುತ್ತದೆ: ತೊಳೆ! ದುಃಖಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇನ್ನೂ ಕೇಳಿ, ಆ ಕಣ್ಣೀರಿನ ಒಂದು ಪಾಲು ಕಣ್ಣಿನ ಮೂಲೆಯ ಸಣ್ಣ ನಾಳದಿಂದ ಇಳಿದು ಮೂಗಿನೊಳಕ್ಕೇ ಬರುತ್ತದೆ. ಅಳುವಾಗ ಮೂಗು ಸೋರುವುದು ಅದಕ್ಕೇ. ಮೂಗು ಕರೆಯಿತು, ಕಣ್ಣು ಕಳುಹಿಸಿತು, ಮೂಗಿಗೇ ತಲುಪಿತು!

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ತೂತಿನ ಎರಡೂ ಬಾಯಿಯಿಂದ ಚರ್ಮ ಒಳಮುಖವಾಗಿ ಬೆಳೆದು ಒಂದು ಸಣ್ಣ ಕೊಳವೆಯಾಗಬೇಕು. ಅದಕ್ಕೆ ತಿಂಗಳುಗಳೇ ಬೇಕು. ದಿನಾ ಉಪ್ಪುನೀರು, ಅಂಗಡಿಯಲ್ಲಿ ಸಿಗುವ ಶೇಕಡಾ 0.9ರ ಶುದ್ಧ ಸಲೈನ್. ಅತ್ತೆ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ತಂದು, ಹಚ್ಚಿ ತಿರುಗಿಸು ಅಂದರು. ತಿರುಗಿಸಿದರೆ ಒಳಗೆ ಹೊಸದಾಗಿ ಬೆಳೆದ ಚರ್ಮ ಹರಿಯುತ್ತದೆ ಎಂದು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕಿಟ್ಟೆ. ಏಳು ಕಲ್ಲಿನದಕ್ಕೆ ಆಚಾರ್ರು ಇನ್ನೂ ಸಮಯ ಕೇಳಿದ್ದಾರೆ. ಅದರ ತಿರುಪಿನ ಕಡ್ಡಿ ಈಗಿನದಕ್ಕಿಂತ ದಪ್ಪವಂತೆ, ಗಾಯ ಪೂರ್ತಿ ಮಾಗದೆ ಹಾಕುವ ಹಾಗಿಲ್ಲ.

ಇಷ್ಟಾದ ಮೇಲೆ ಅಪ್ಪನಿಗೆ ಫೋನ್ ಮಾಡದೆ ಇರಲಾದೀತೇ? ವೇಗಸ್ ನರ, ಎರಡು ಹಂತ, ವಂಶದ ನಂಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲ ಕಣೇ, ಹಾಗಾದ್ರೆ ನಾನು ಪುಕ್ಕಲ ಅಲ್ಲ ಅಂತ ನಿಮ್ಮಮ್ಮನಿಗೆ ನೀನೇ ಹೇಳು" ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು. ವರ್ಷಗಳಿಂದ ಮುಂದೂಡುತ್ತಿದ್ದ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಗೆ ಹೋಗಲು ಈಗ ಅವರು ಸೋಫಾದ ಮೇಲೆ ಕೂತು ಬಿಗಿ ಹಿಡಿಯುವ ಅಭ್ಯಾಸ ಮಾಡುತ್ತಿದ್ದಾರೆ. ಮುಖ ಕೆಂಪಗಾಗುವುದು ಚೆನ್ನಾಗಿಯೇ ಬಂದಿದೆಯಂತೆ, ಲ್ಯಾಬಿನ ಕಡೆಗೆ ಮಾತ್ರ ಇನ್ನೂ ಹೊರಟಿಲ್ಲ ಎಂದು ಅಮ್ಮನ ವರದಿ.