ಯಂತ್ರ ಬೇಡವೆಂದ ಫೋಟೋಗಳ ಲೆಕ್ಕ

ಸಕ್ಕರೆ ಕಾಯಿಲೆ ಹಳೆಯದಾದಂತೆ ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಸಣ್ಣ ರಕ್ತನಾಳಗಳು ಹದಗೆಡಬಹುದು. ನೋವಿರುವುದಿಲ್ಲ, ಮೊದಮೊದಲು ದೃಷ್ಟಿಯೂ ಮಂಜಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಆದ್ದರಿಂದ ಆಗಾಗ ರೆಟಿನಾದ ಫೋಟೋ ತೆಗೆಸಿ ತಿಳಿದವರಿಗೆ ತೋರಿಸಬೇಕು. ತೊಡಕೆಂದರೆ, ರೋಗಿಗಳು ಲಕ್ಷಗಟ್ಟಲೆ, ತಿಳಿದವರು ಬೆರಳೆಣಿಕೆಯಷ್ಟು.

ಗೂಗಲ್ ಸಂಶೋಧಕರು 1,28,175 ರೆಟಿನಾ ಚಿತ್ರಗಳಿಂದ ಕಂಪ್ಯೂಟರಿಗೆ ಈ ಕೆಲಸ ಕಲಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿತ್ರಗಳು ಬಂದದ್ದು ಅಮೆರಿಕದಿಂದ ಮತ್ತು ಭಾರತದ ಮೂರು ಆಸ್ಪತ್ರೆಗಳಿಂದ. ಮೂರರಲ್ಲಿ ಒಂದು ಬೆಂಗಳೂರಿನ ನಾರಾಯಣ ನೇತ್ರಾಲಯ. ಕಂಪ್ಯೂಟರ್ ಕಣ್ಣಿನ ವೈದ್ಯರಿಗೆ ಸರಿಸಾಟಿಯಾಗಿ ರೋಗ ಗುರುತಿಸಿತು. ಆದರೆ ಅದು ಸಂಗ್ರಹದಲ್ಲಿದ್ದ ಚಿತ್ರಗಳ ಮೇಲೆ ನಡೆದ ಪರೀಕ್ಷೆ. ಅಲ್ಲಿ ಫೋಟೋ ತೆಗೆಯುವ ನರ್ಸ್ ಇರಲಿಲ್ಲ, ಸರದಿಯಲ್ಲಿ ಕಾದು ಕೂತ ರೋಗಿಯೂ ಇರಲಿಲ್ಲ.

ಇಬ್ಬರೂ ಸಿಕ್ಕಿದ್ದು ಥೈಲ್ಯಾಂಡಿನಲ್ಲಿ. ಆ ಹೊತ್ತಿಗೆ ಸುಮಾರು 45 ಲಕ್ಷ ಮಧುಮೇಹಿಗಳಿದ್ದ ಆ ದೇಶದಲ್ಲಿ ರೆಟಿನಾ ತಜ್ಞರಿದ್ದದ್ದು ಇನ್ನೂರರ ಆಸುಪಾಸು. ಕ್ಲಿನಿಕ್ಕಿನಲ್ಲಿ ನರ್ಸ್ ತೆಗೆದ ಫೋಟೋ ಬೇರೆಡೆಯ ವೈದ್ಯರಿಗೆ ಹೋಗಿ ಉತ್ತರ ಬರಲು ಹತ್ತು ವಾರದವರೆಗೂ ಹಿಡಿಯುತ್ತಿತ್ತು. ಗೂಗಲ್ ಕಲಿಸಿದ ಯಂತ್ರಕ್ಕೆ ಹತ್ತು ನಿಮಿಷ ಸಾಕು ಎಂಬ ನಿರೀಕ್ಷೆ.

ಪಥುಮ್ ಥಾನಿ ಮತ್ತು ಚಿಯಾಂಗ್ ಮೈ ಪ್ರಾಂತ್ಯಗಳ 11 ಕ್ಲಿನಿಕ್ಕುಗಳಿಗೆ ಗೂಗಲ್ ಸಂಶೋಧಕಿ ಎಮ್ಮಾ ಬೀಡಿ ಮತ್ತು ಸಂಗಡಿಗರು ಹೋದರು. ಯಂತ್ರ ಬರುವುದಕ್ಕೆ ಮುಂಚೆಯೇ ಹೋಗಿ, ಕೆಲಸ ಹೇಗೆ ಸಾಗುತ್ತದೆಂದು ನೋಡಿದ್ದು ಈ ಪ್ರಯೋಗದ ಅತ್ಯಂತ ವಿವೇಕದ ನಡೆ ಎಂದು ನನಗನ್ನಿಸುತ್ತದೆ. ಹಿಂದೆ ಹೇಗಿತ್ತೆಂದು ತಿಳಿಯದೆ ಯಂತ್ರ ಏನನ್ನು ಬದಲಿಸಿತೆಂದು ಹೇಳಲಾಗದು.

ಮೊದಲ ಆರು ತಿಂಗಳಲ್ಲಿ ಬಂದ 1,838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಗುಣಮಟ್ಟ ಸಾಲದೆಂದು ಯಂತ್ರ ನಿರಾಕರಿಸಿತು. ಸ್ಪಷ್ಟ ಫೋಟೋಗೆ ಕತ್ತಲ ಕೋಣೆ ಬೇಕು. ಬೆಳಕಿನಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಹನ್ನೊಂದರಲ್ಲಿ ಎರಡೇ ಕ್ಲಿನಿಕ್ಕುಗಳಲ್ಲಿ ಅಂಥ ಪ್ರತ್ಯೇಕ ಕೋಣೆಯಿತ್ತು. ಇಂಟರ್ನೆಟ್ಟಿನ ಕಾಟ ಬೇರೆ: ಒಂದು ಕಡೆ ಎರಡು ತಾಸು ಸಂಪರ್ಕ ಕಡಿದು, ಇನ್ನೂರು ಮಂದಿಯ ತಪಾಸಣೆ ನೂರಕ್ಕೆ ಇಳಿಯಿತು.

ಆ ಶೇ. 21ನ್ನು ಎಲ್ಲಿ ಬರೆದುಕೊಳ್ಳಬೇಕು? ಯಂತ್ರ ಓದಿದ ಚಿತ್ರಗಳನ್ನಷ್ಟೇ ಎಣಿಸಿದರೆ ನಿಖರತೆಯ ಅಂಕಿಗೆ ಒಂದಿಷ್ಟೂ ಧಕ್ಕೆಯಿಲ್ಲ. ಆದರೆ ನಿರಾಕರಿಸಿದ ಪ್ರತಿ ಫೋಟೋದ ಹಿಂದೆ ಒಬ್ಬ ರೋಗಿ ಇದ್ದಾರೆ. ನಿಯಮದ ಪ್ರಕಾರ ಅವರು ತಜ್ಞರನ್ನು ಕಾಣಲು ಇನ್ನೊಂದು ಆಸ್ಪತ್ರೆಗೆ ಹೋಗಬೇಕಿತ್ತು; ಕಣ್ಣಿನಲ್ಲಿ ದೋಷವಿಲ್ಲದಿದ್ದರೂ ಒಂದು ದಿನದ ಕೂಲಿ ಖೋತಾ. ಬಾಗಿಲಿಗೆ ಬಂದ ಪ್ರತಿಯೊಬ್ಬರೂ ಲೆಕ್ಕದಲ್ಲಿರಬೇಕು, ಯಂತ್ರ ಕೈಚೆಲ್ಲಿದವರು ಮೊದಲು. ಪ್ರಯೋಗ ಶುರುವಾಗುವ ಮುನ್ನವೇ ಇದನ್ನು ಬರೆದಿಡಬೇಕು; ಫಲಿತಾಂಶ ಕಂಡಮೇಲೆ ಕೈಬಿಡುವ ಆಸೆ ಹುಟ್ಟುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೂ ಅಲ್ಲಿ ಕಂಡಿತು. ರೋಗಿಗಳಿಗೆ ಸುಮ್ಮನೆ ಅಲೆದಾಟವಾದೀತೆಂದು ಕೆಲವು ನರ್ಸ್‌ಗಳು ಅಧ್ಯಯನಕ್ಕೆ ಸೇರುವುದು ಬೇಡವೆಂದೇ ಅವರಿಗೆ ಹೇಳುತ್ತಿದ್ದರು. ಕಾಳಜಿಯಿಂದ ಬಂದ ಮಾತು, ತಪ್ಪೆನ್ನಲಾಗದು. ಆದರೆ ದೂರದ ಪ್ರಯಾಣ ಯಾರಿಗೆ ಹೆಚ್ಚು ಕಷ್ಟವೋ ಅವರೇ ಹೀಗೆ ಹೊರಗುಳಿದರೆ, ಉಳಿದವರ ಅಂಕಿಗಳು ಇಡೀ ಊರಿನ ಚಿತ್ರ ಕೊಡಲಾರವು. ಕಂಪ್ಯೂಟರಿನ ದಾಖಲೆಯಲ್ಲಿ ಇದರ ಸುಳಿವೂ ಸಿಗುವುದಿಲ್ಲ. ಸೇರದವರ ಗುರುತು ಅಲ್ಲಿರುವುದಿಲ್ಲವಲ್ಲ! ಪಕ್ಕದಲ್ಲಿ ಕೂತು ನೋಡಿದವರಿಗೆ, ನರ್ಸ್‌ಗಳನ್ನು ಮಾತಾಡಿಸಿದವರಿಗೆ ಮಾತ್ರ ಅದು ತಿಳಿಯಿತು. ಹಾಗೆ ಕೂತಾಗಲೂ ಒಂದು ಎಚ್ಚರ ಬೇಕು: ಯಾರೋ ನೋಡುತ್ತಿದ್ದಾರೆಂದರೆ ಜನ ಹೆಚ್ಚು ನೇಮದಿಂದ ಕೆಲಸ ಮಾಡುತ್ತಾರೆ. ಒಂದೇ ಭೇಟಿಯನ್ನು ನಂಬುವಂತಿಲ್ಲ.

ಈ ಅನುಭವದಿಂದ ನಿಯಮ ಬದಲಾಯಿತು. ಯಂತ್ರ ಒಪ್ಪದ ಚಿತ್ರಗಳನ್ನು ರೋಗಿಯ ದಾಖಲೆಯೊಂದಿಗೆ ಕಣ್ಣಿನ ವೈದ್ಯರೇ ನೋಡಿ, ಕಳಿಸಬೇಕೋ ಬೇಡವೋ ನಿರ್ಧರಿಸುವಂತಾಯಿತು. ಥಾಯ್ ಕ್ಲಿನಿಕ್ಕುಗಳಲ್ಲಿ 7,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ದೃಷ್ಟಿಗೆ ಅಪಾಯ ತರುವ ಹಂತದಲ್ಲಿದ್ದವರಲ್ಲಿ ಯಂತ್ರ ಶೇ. 91.4ರಷ್ಟು ಮಂದಿಯನ್ನು ಗುರುತಿಸಿತ್ತು, ಹೋಲಿಕೆಗಿದ್ದ ತಜ್ಞರು ಶೇ. 84.8ರಷ್ಟು ಮಂದಿಯನ್ನು. ಯಂತ್ರ ಗೆದ್ದಿತೆಂದು ಸಂತೋಷಪಡಬಹುದು. ಆದರೂ ಇದು ಚಿತ್ರ ಓದುವುದರಲ್ಲಿನ ಗೆಲುವು. ಗುರುತಿಸಿದವರಲ್ಲಿ ಎಷ್ಟು ಮಂದಿ ಆಸ್ಪತ್ರೆ ತಲುಪಿ ಚಿಕಿತ್ಸೆ ಪಡೆದರು, ಎಷ್ಟು ಮಂದಿಯ ದೃಷ್ಟಿ ಉಳಿಯಿತು ಎಂಬುದನ್ನು ಅಳೆಯಲು ವರ್ಷಗಟ್ಟಲೆ ಅವರ ಬೆನ್ನುಹತ್ತುವ ಪ್ರಯೋಗ ಬೇಕು. ಖರ್ಚು ಹೆಚ್ಚಾದರೂ ಅಂಥ ಪ್ರಯೋಗಗಳಿಗೇ ಹಣ ಹಾಕಬೇಕು.